ಪೂಜ್ಯ ಮದರ್ ವೆರೋನಿಕಾ: ತಾನು ಬಿತ್ತಿದ ಪೈರನ್ನು ಕಾಣದ ತಾಯಿ

ಕರಾವಳಿಯ ಕ್ರೈಸ್ತ ಮನೆತನಗಳಲ್ಲಿ ಎ.ಸಿ. ಸಿಸ್ಟರುಗಳ ಬಳಿ ಅಕ್ಷರ ಕಲಿತ ಅಜ್ಜಿಯಂದಿರು, ತಾಯಂದಿರು ಬಹಳ ಮಂದಿ. ಆದರೆ ಈ ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದ ಮದರ್ ವೆರೋನಿಕಾರವರ ಜೀವನವನ್ನು ಅರಿತವರು ಕಡಿಮೆ.

ಅವರ ಮೊದಲ ಹೆಸರು ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಜನನ. ತಂದೆ ಆಂಗ್ಲಿಕನ್ ಸಭೆಯ ಪಾದ್ರಿ. ಬಹಳ ಪ್ರಾರ್ಥನೆ, ಚಿಂತನೆಯ ಬಳಿಕ ಸೋಫಿ 1850ರಲ್ಲಿ ಮಾಲ್ಟಾ ದ್ವೀಪದಲ್ಲಿ ಕಥೋಲಿಕ ಸಭೆಯನ್ನು ಸೇರಿದರು. ಪಾದ್ರಿಯ ಮಗಳಿಗೆ ಇದು ಸುಲಭದ ನಿರ್ಧಾರವಾಗಿರಲಿಲ್ಲ. ಮರುವರ್ಷವೇ ಸಂತ ಜೋಸೆಫರ ಧರ್ಮಭಗಿನಿಯರ ಸಭೆಗೆ ಪ್ರವೇಶಿಸಿದರು.

1862ರಲ್ಲಿ ಅವರನ್ನು ಕಲ್ಲಿಕೋಟೆಗೆ ಕಳುಹಿಸಲಾಯಿತು. ಪಶ್ಚಿಮ ಕರಾವಳಿಯ ಹೆಣ್ಣುಮಕ್ಕಳಿಗೆ ಶಿಕ್ಷಣದ ಅಗತ್ಯ ಎಷ್ಟಿದೆಯೆಂದು ಅವರು ಕಣ್ಣಾರೆ ಕಂಡದ್ದು ಇಲ್ಲಿಯೇ. ಕಾರ್ಮೆಲ್ ಮಠದ ಮೌನಪ್ರಾರ್ಥನೆಯೂ ಶಾಲೆಯ ಸೇವೆಯೂ ಒಂದೇ ಬದುಕಿನಲ್ಲಿ ಕೂಡಬೇಕು ಎಂಬುದು ಅವರ ಬಯಕೆಯಾಯಿತು. ಕಾರ್ಮೆಲ್ ಭಗಿನಿಯರೆಂದರೆ ಮಠದ ಗೋಡೆಯೊಳಗೇ ಬಾಳುವವರು ಎಂದು ತಿಳಿದಿದ್ದ ಆ ಕಾಲದಲ್ಲಿ ಇದು ಹೊಸ ಮಾತು. ಮುಂದೆ ಮಂಗಳೂರಿನ ಧರ್ಮಾಧ್ಯಕ್ಷರಾದ ಮರಿ ಎಫ್ರೇಮ್‌ರವರು ಅವರಿಗೆ ಬೆಂಬಲವಾಗಿ ನಿಂತರು.

ಸೋಫಿ ಫ್ರಾನ್ಸ್‌ಗೆ ಮರಳಿ ಕಾರ್ಮೆಲ್ ಸೇರಿ, 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನವೇ, ಬಯೋನ್ ಪಟ್ಟಣದಲ್ಲಿ ಹೊಸ ಸಭೆಯನ್ನು ಆರಂಭಿಸಿದರು. ಅಲ್ಲಿ ತರಬೇತಾದ ಮೂವರು ಭಗಿನಿಯರು 1870ರ ನವೆಂಬರ್ 19ರಂದು ಮಂಗಳೂರಿಗೆ ಬಂದಿಳಿದರು. ಅದೇ ತಂಡದಲ್ಲಿ ಹೊರಟಿದ್ದ ಮಠವಾಸಿ ಭಗಿನಿಯರಲ್ಲಿ ಕೆಲವರು ದಾರಿಯಲ್ಲೇ ಪ್ರಾಣಬಿಟ್ಟಿದ್ದರು. ಉಳಿದವರಲ್ಲಿ ಒಬ್ಬರು 2015ರಲ್ಲಿ ಸಂತರೆಂದು ಘೋಷಿತರಾದ ಮರಿಯಂ ಬವಾರ್ದಿ.

ಬಯೋನ್‌ನ ಮನೆ 1873ರಲ್ಲಿ ಮುಚ್ಚಿತು. ಸ್ಥಾಪಕಿ ಭಾರತಕ್ಕೆ ಮರಳಲಿಲ್ಲ. ತನ್ನ ಮಕ್ಕಳ ಶಾಲೆಗಳನ್ನು ನೋಡದೆಯೇ ಮಠದ ಪ್ರಾರ್ಥನಾ ಜೀವನದಲ್ಲಿ ಉಳಿದರು. 1906ರ ನವೆಂಬರ್ 16ರಂದು ಫ್ರಾನ್ಸಿನ ಪೋ ಮಠದಲ್ಲಿ ದೈವಾಧೀನರಾದರು. ಇತ್ತ ಮಂಗಳೂರಿನಲ್ಲಿ ಸಭೆ ಬೇರೂರಿ, 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜನ್ನು ತೆರೆಯಿತು. 2014ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಮದರ್ ವೆರೋನಿಕಾರನ್ನು ಪೂಜ್ಯರೆಂದು ಘೋಷಿಸಿದರು.

ಪ್ರಿಯ ವಾಚಕರೇ, 2021ರಲ್ಲಿ ಧರ್ಮಸಭೆಯು ವಾಚಕಿ ಮತ್ತು ಪೀಠಸೇವಕಿಯ ಸೇವಾಪದವಿಗಳನ್ನು ಮಹಿಳೆಯರಿಗೂ ತೆರೆಯಿತು; ಧರ್ಮೋಪದೇಶಕರ ಸೇವಾಪದವಿಯನ್ನೂ ಸ್ಥಾಪಿಸಿತು. ಕಾರವಾರ, ಅಂಕೋಲಾದಂಥ ಊರುಗಳ ನಮ್ಮ ಚರ್ಚುಗಳಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುವ, ರೋಗಿಗಳನ್ನು ವಿಚಾರಿಸುವ ಸ್ತ್ರೀಯರ ದುಡಿಮೆ ಹೆಚ್ಚಾಗಿ ಕಣ್ಣಿಗೆ ಬೀಳುವುದಿಲ್ಲ. ದುಡಿಮೆಗೆ ಅವರನ್ನು ಕರೆಯುವ ನಾವು, ತೀರ್ಮಾನ ಕೈಗೊಳ್ಳುವ ಸಭೆಗೂ ಕರೆದು ಅವರ ಮಾತು ಕೇಳಬೇಕು. ಒಬ್ಬ ಸ್ತ್ರೀಯ ಒಳದನಿಗೆ ಅಂದಿನ ಧರ್ಮಾಧ್ಯಕ್ಷರು ಕಿವಿಗೊಟ್ಟದ್ದರಿಂದಲೇ ನಮ್ಮ ಕರಾವಳಿಯ ಸಾವಿರಾರು ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದರು.