ರಾಜಾ ರವಿವರ್ಮ: ಅರಮನೆಯ ಚಿತ್ರ, ಗುಡಿಸಲಿನ ಪಟ

ಗೋಡೆಗೆ ತೂಗುಹಾಕಿದ ಲಕ್ಷ್ಮೀ ಸರಸ್ವತಿಯರ ಪಟಗಳನ್ನು ನೋಡದವರು ನಮ್ಮಲ್ಲಿ ವಿರಳ. ನಮ್ಮ ಅಜ್ಜಿಗೆ ಆ ಪಟವೇ ದೇವರು. ಅದನ್ನು ಮನುಷ್ಯನೊಬ್ಬನು ಬರೆದನೆಂಬುದು ಆಕೆಗೆ ತಿಳಿಯದು. ಕಾಲೇಜು ಸೇರುವವರೆಗೆ ನನಗೂ ತಿಳಿದಿರಲಿಲ್ಲ. ಇಂತಹ ಪಟಗಳನ್ನು ಮನೆಮನೆಗೆ ತಲುಪಿಸಿದವನೇ ರಾಜಾ ರವಿವರ್ಮ.

ರವಿವರ್ಮನು 1848ನೆಯ ಇಸವಿ ಏಪ್ರಿಲ್ 29ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಜನಿಸಿದನು. ಸೋದರಮಾವನಾದ ರಾಜರಾಜವರ್ಮನೇ ಅವನ ಮೊದಲ ಗುರು. 14ನೆಯ ವಯಸ್ಸಿನಲ್ಲಿ ತಿರುವನಂತಪುರಕ್ಕೆ ಬಂದ ಬಾಲಕನಿಗೆ ಆಯಿಲ್ಯಂ ತಿರುನಾಳ್ ಮಹಾರಾಜನ ಆಶ್ರಯ ದೊರೆಯಿತು. ಆಗ ತೈಲವರ್ಣದ ವಿದ್ಯೆ ಈ ನಾಡಿಗೆ ಹೊಸದು. ಬಲ್ಲವರು ಅದನ್ನು ಗುಟ್ಟಾಗಿಡುತ್ತಿದ್ದರು. ಅರಮನೆಯ ಚಿತ್ರಕಾರ ರಾಮಸ್ವಾಮಿ ನಾಯಕರನು ಹೇಳಿಕೊಡಲು ಒಪ್ಪಲಿಲ್ಲ. 1868ರಲ್ಲಿ ಬಂದ ಐರೋಪ್ಯ ಚಿತ್ರಕಾರ ಥಿಯೋಡರ್ ಜೆನ್ಸನ್ನನು ತಾನು ಬರೆಯುವುದನ್ನು ನೋಡಲು ಮಾತ್ರ ಬಿಟ್ಟನು. ತರುಣನು ನೋಡಿ ನೋಡಿಯೇ ಕಲಿತನು.

1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಅವನ ನಾಯರ್ ಸ್ತ್ರೀಯ ಚಿತ್ರಕ್ಕೆ ಚಿನ್ನದ ಪದಕ ಬಂದಿತು. 1888ರಲ್ಲಿ ಬರೋಡೆಯ ಸಯಾಜಿರಾವ್ ಮಹಾರಾಜನು 14 ಪುರಾಣಚಿತ್ರಗಳನ್ನು ಬರೆಯಿಸಿದನು. ಇದಕ್ಕಾಗಿ ರವಿವರ್ಮನು ತಮ್ಮನೊಡನೆ ಉತ್ತರದೇಶವನ್ನು ಸುತ್ತಿ ಉಡಿಗೆ ತೊಡಿಗೆಗಳನ್ನು ಅಭ್ಯಸಿಸಿದನು. ಚಿತ್ರಗಳನ್ನು ಅರಮನೆಗೆ ಒಪ್ಪಿಸುವ ಮುನ್ನ ಸಾರ್ವಜನಿಕವಾಗಿ ತೋರಿಸಿದಾಗ ಜನ ಕಿಕ್ಕಿರಿದು ಬಂದರು. ಬಳಿಕ ಅವು ಅರಮನೆಯನ್ನು ಸೇರಿದವು. ಆದರೆ ನೋಡಬಯಸಿದ ಜನ ಹೊರಗೇ ಉಳಿದರು.

ರವಿವರ್ಮನ ಚಿತ್ರಗಳನ್ನು ಅಚ್ಚು ಹಾಕಿಸಿ ಜನರಿಗೆ ಒದಗಿಸಬೇಕೆಂದು ದಿವಾನ್ ಸರ್ ಟಿ. ಮಾಧವರಾಯರು ಹಿಂದೆಯೇ ಸೂಚಿಸಿದ್ದರು. 1894ರಲ್ಲಿ ರವಿವರ್ಮನು ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದನು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದೇ ಕಾಗದವನ್ನು ಮತ್ತೆ ಮತ್ತೆ ಒತ್ತಿ ಚಿತ್ರವನ್ನು ಪೂರ್ಣಗೊಳಿಸುವ ಶ್ರಮದ ಕೆಲಸವದು. ಶಕುಂತಲೆಯ ಜನನ, ಉಯ್ಯಾಲೆಯ ಮೋಹಿನಿ, ಲಕ್ಷ್ಮೀ, ಸರಸ್ವತಿ ಎಲ್ಲರೂ ಅಲ್ಲಿಂದ ಹೊರಟರು. ದೇವಲೋಕದ ಸುಂದರಿಯರು ಸಾಮಾನ್ಯರ ಗೋಡೆಗಳಿಗೆ ಇಳಿದರು. ಗೃಹಿಣಿಯರು ಪಟಗಳಿಗೆ ಜರಿ, ಚಮಕಿಗಳನ್ನು ಅಂಟಿಸಿ ಅಲಂಕರಿಸಿದರು. ದೇವಾಲಯದ ಹೊಸ್ತಿಲನ್ನು ದಾಟಗೊಡದವರ ಮನೆಗೂ ದೇವರು ತಾನಾಗಿ ಬಂದನು.

ಮುದ್ರಣಾಲಯದಿಂದ ರವಿವರ್ಮನಿಗೆ ಲಾಭಕ್ಕಿಂತ ಸಾಲವೇ ಹೆಚ್ಚಾಯಿತು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ತನ್ನಲ್ಲಿದ್ದ ಜರ್ಮನ್ ತಜ್ಞ ಷ್ಲೈಷರನಿಗೆ ಮಾರಿದನು. ಕೊನೆಯ ವರ್ಷಗಳಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪುರಾಣಚಿತ್ರಗಳನ್ನು ಕೈಗೊಂಡನು. 1905ರಲ್ಲಿ ತಮ್ಮನು ತೀರಿಕೊಂಡ ದುಃಖದಲ್ಲಿಯೂ ಕೆಲಸವನ್ನು ಬಿಡಲಿಲ್ಲ. 1906ನೆಯ ಅಕ್ಟೋಬರ್ 2ರಂದು ಕಾಲವಾದನು.

ಅವನ ದೇವತೆಗಳು ನಾಟಕದ ಪಾತ್ರಗಳಂತಿವೆ, ಕಲೆ ಪಾಶ್ಚಾತ್ಯರ ಅನುಕರಣೆ ಎಂದು ಆನಂದ ಕುಮಾರಸ್ವಾಮಿಯಂತಹ ಪಂಡಿತರು ಆಕ್ಷೇಪಿಸಿದರು. ಇದರಲ್ಲಿ ಹುರುಳಿಲ್ಲದೆ ಇಲ್ಲ. ಆದರೂ 1979ರಲ್ಲಿ ಭಾರತ ಸರ್ಕಾರವು ಅವನ ಕೃತಿಗಳನ್ನು ಕಲಾನಿಧಿಗಳೆಂದು ಸಾರಿ, ಅವು ದೇಶ ಬಿಟ್ಟು ಹೋಗದಂತೆ ಮಾಡಿತು. ಇಂದು ಸಂಗ್ರಾಹಕರು ಅವನ ಮೂಲಚಿತ್ರಗಳಿಗೆ ಕೋಟಿಗಳನ್ನು ಕೊಡುತ್ತಾರೆ. 1972ರ ಬೆಂಕಿಯಲ್ಲಿ ಮುದ್ರಣಾಲಯದ ಬಹುಭಾಗ ನಾಶವಾದ ಮೇಲೆ ಹಳೆಯ ಅಚ್ಚುಪಟಗಳನ್ನೂ ಹುಡುಕಿ ಕೂಡಿಡುವವರಿದ್ದಾರೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಮೂಲಚಿತ್ರಗಳನ್ನು ಕಂಡಾಗ ನಾನು ಬೆರಗಾದೆನು. ಅಚ್ಚಿನಲ್ಲಿ ಆ ಬಣ್ಣಗಳ ಆಳ ಬಂದಿಲ್ಲವೆಂಬುದು ನಿಜ. ಆದರೆ ಆ ಚಿತ್ರಗಳ ಮುಂದೆ ನಿಂತಾಗ ನನಗೆ ನೆನಪಾದದ್ದು ಅಜ್ಜಿಯ ಗೋಡೆಯ, ಗಾಜು ಬಿರಿದ ಪಟ. ವಿದ್ಯೆಯನ್ನು ತನ್ನಿಂದ ಬಚ್ಚಿಟ್ಟ ಲೋಕಕ್ಕೆ ರವಿವರ್ಮನು ಅದರ ಫಲವನ್ನು ಹಂಚಿದನು. ಓದಿದವರೇ ಇಲ್ಲದ ಮನೆಗಳಿಂದ ಬಂದು ಪದವಿ ಪಡೆಯಲಿರುವ ನಮ್ಮಂಥವರಿಗೆ ಅವನ ಬಾಳಿನಿಂದ ಕಲಿಯಬೇಕಾದುದು ಇದೇ.