ಧೋಂಡಿಯಾ ವಾಘ್: ವಿಚಾರಣೆಯಿಲ್ಲದ ತೀರ್ಪು

ಶಿಕಾರಿಪುರದ ಕಡೆ ಗಲ್ಲುಶಿಕ್ಷೆಯ ಮಾತು ಬಂದರೆ ಈಸೂರಿನ ನೆನಪು ಬಾರದಿರದು. 1942ರ ಸೆಪ್ಟೆಂಬರಿನಲ್ಲಿ ಅಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಕೊಲೆಯಾದರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಆ ತೀರ್ಪನ್ನು ನಾವು ಒಪ್ಪಲಿ ಬಿಡಲಿ, ಅಲ್ಲೊಂದು ವಿಚಾರಣೆ ನಡೆದಿತ್ತು. ಅದಕ್ಕೂ 143 ವರ್ಷ ಹಿಂದೆ ಇದೇ ಸೀಮೆಯಲ್ಲಿ ಮೆರೆದ ಧೋಂಡಿಯಾ ವಾಘನ ಪಾಲಿಗೆ ಅಷ್ಟೂ ಇರಲಿಲ್ಲ.

ಚನ್ನಗಿರಿಯ ಮರಾಠಾ ಮನೆತನದಲ್ಲಿ ಹುಟ್ಟಿದ ಆತ ಹೈದರಲಿಯ ಕುದುರೆಪಡೆಯಲ್ಲಿ ಸವಾರನಾಗಿದ್ದ. ಮೂರನೆಯ ಮೈಸೂರು ಯುದ್ಧದ ಹೊತ್ತಿನಲ್ಲಿ ಪಡೆ ಬಿಟ್ಟು ಹೋಗಿ, ಧಾರವಾಡದ ಕಡೆ ಗುಂಪು ಕಟ್ಟಿ ಸುಲಿಗೆಗೆ ಇಳಿದ. 1794ರಲ್ಲಿ ಟಿಪ್ಪು ಸುಲ್ತಾನ್ ಆತನನ್ನು ಕರೆಸಿಕೊಂಡ. ಧೋಂಡಿಯಾ ಮುಸ್ಲಿಮನಾಗಿ ಮಲಿಕ್ ಜಹಾನ್ ಖಾನ್ ಎನಿಸಿದ. ಅದು ಒಪ್ಪಿಗೆಯೋ ಬಲವಂತವೋ ಎಂಬುದರಲ್ಲಿ ಎರಡು ಮಾತಿದೆ. ಬಲವಂತವಾಗಿದ್ದರೆ ಅದನ್ನು ಈಮಾನ್ ಎನ್ನಲಾಗದು. ಮುಂದೆ ಸುಲ್ತಾನನ ವಿಶ್ವಾಸ ಕಳೆದುಕೊಂಡು ಶ್ರೀರಂಗಪಟ್ಟಣದ ಸೆರೆಯಲ್ಲಿ ಸಂಕೋಲೆ ತೊಟ್ಟ. ಸುಲ್ತಾನ್ ಆತನ ತಲೆ ತೆಗೆಸಬಹುದಿತ್ತು, ತೆಗೆಸಲಿಲ್ಲ.

1799ರ ಮೇ 4ರಂದು ಕೋಟೆ ಬಿತ್ತು, ಸುಲ್ತಾನ್ ಹುತಾತ್ಮನಾದ, ಸೆರೆಯ ಬಾಗಿಲು ತೆರೆಯಿತು. ಧೋಂಡಿಯಾ ನೇರವಾಗಿ ನಗರ ಪ್ರಾಂತಕ್ಕೆ, ಎಂದರೆ ಇಂದಿನ ಶಿಕಾರಿಪುರ, ಸೊರಬ, ಸಾಗರಗಳ ಕಡೆಗೆ ಬಂದ. ಸುಲ್ತಾನನ ಅಳಿದುಳಿದ ಸಿಪಾಯಿಗಳು ಆತನನ್ನು ಕೂಡಿಕೊಂಡರು. ಆಗಸ್ಟಿನಲ್ಲಿ ಶಿಕಾರಿಪುರದ ಬಳಿ ಕಂಪನಿಯ ಸೈನ್ಯಕ್ಕೆ ಸೋತು ಉತ್ತರಕ್ಕೆ ಓಡಿದ. ಮರುವರ್ಷ ದೊಡ್ಡ ಪಡೆಯೊಡನೆ ಮತ್ತೆ ಕಾಣಿಸಿಕೊಂಡ. ಉಭಯಲೋಕಾಧೀಶ್ವರನೆಂದು ತನ್ನನ್ನು ತಾನೇ ಕರೆದುಕೊಂಡ. ಇಹಪರಗಳೆರಡಕ್ಕೂ ಒಡೆಯನು ಅಲ್ಲಾಹನೊಬ್ಬನೇ ಎಂದು ನಂಬಿದವನ ಬಾಯಿಗೆ ಆ ಬಿರುದು ಹೇಗೆ ಬಂತೋ!

1800ರ ಮೇ ತಿಂಗಳಲ್ಲಿ ಮದರಾಸು ಸರಕಾರ ಆರ್ಥರ್ ವೆಲ್ಲೆಸ್ಲಿಗೆ ಆಜ್ಞೆ ಕಳಿಸಿತು. ಧೋಂಡಿಯಾ ಎಲ್ಲಿ ಸಿಕ್ಕರೂ ಹಿಡಿದು, ಕಂಡ ಮೊದಲ ಮರಕ್ಕೆ ನೇತುಹಾಕಬೇಕೆಂಬುದು ಅದರ ಸಾರ.

ಮರಣದಂಡನೆ ಬೇಕೆನ್ನುವವರಿಗೆ ಧೋಂಡಿಯಾಗಿಂತ ಬಲವಾದ ನಿದರ್ಶನ ಸಿಗದು. ಜೀವ ಉಳಿಸಿ ಸೆರೆಯಲ್ಲಿಟ್ಟವನು ಹೊರಬಂದು ಮತ್ತೆ ಊರು ಸುಲಿದ. ದನಕರು, ಕಾಳುಕಡ್ಡಿ ಕಳೆದುಕೊಂಡ ರೈತನಿಗೆ ದಯೆಯ ಪಾಠ ಹೇಳುವುದು ಸುಲಭವಲ್ಲ. ಆದರೆ ಆ ಸೆರೆಯ ಬಾಗಿಲನ್ನು ತೆರೆದದ್ದು ಸುಲ್ತಾನನ ದಯೆಯಲ್ಲ, ಕಂಪನಿಯ ಫಿರಂಗಿ. ದಾರಿಗಳ್ಳತನಕ್ಕೆ ಶರೀಅತ್ತಿನ ಶಿಕ್ಷೆಯೂ ಕಠಿಣವೇ. ಆದರೂ ಅಲ್ಲಿ ಆರೋಪ ಖಾಝಿಯ ಮುಂದೆ ಸಾಬೀತಾಗಬೇಕು. ಹಿಡಿತಕ್ಕೆ ಸಿಗುವ ಮುನ್ನವೇ ತೌಬಾ ಮಾಡಿದವನಿಗೆ ಆ ಶಿಕ್ಷೆಯಿಂದ ವಿನಾಯಿತಿಯನ್ನು ಕುರ್‌ಆನಿನ ಅಲ್ ಮಾಇದಾ ಅಧ್ಯಾಯ ಇಟ್ಟಿದೆ. ಮದರಾಸಿನ ಕಾಗದದಲ್ಲಿ ಖಾಝಿಯೂ ಇರಲಿಲ್ಲ, ತೌಬಾಕ್ಕೆ ಎಡೆಯೂ ಇರಲಿಲ್ಲ.

ಹಗ್ಗ ಮಾತ್ರ ಬಳಕೆಯಾಗಲಿಲ್ಲ. 1800ರ ಸೆಪ್ಟೆಂಬರ್ 10ರಂದು ನಿಜಾಮರ ಸೀಮೆಯ ಕೋನಗಲ್ಲಿನಲ್ಲಿ ವೆಲ್ಲೆಸ್ಲಿಯ ಕುದುರೆಪಡೆ ಎರಗಿತು. ಧೋಂಡಿಯಾ ಕಾದಾಡುತ್ತಲೇ ಬಿದ್ದ. ಶವವನ್ನು ಫಿರಂಗಿಗಾಡಿಗೆ ಬಿಗಿದು ಪಾಳೆಯಕ್ಕೆ ತಂದರು.

ಸಾಮಾನು ಸರಂಜಾಮಿನ ನಡುವೆ ಆತನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ಮಗುವನ್ನು ವೆಲ್ಲೆಸ್ಲಿ ತನ್ನ ಡೇರೆಗೆ ಒಯ್ದು ಸಲಹಿದ. 1805ರಲ್ಲಿ ಹಿಂದೂಸ್ಥಾನ ಬಿಡುವಾಗ ಆತನ ಪಾಲನೆಗೆಂದು ಹಣವಿಟ್ಟು ಹೋದ. ತಂದೆಯ ಕೊರಳಿಗೆ ಹಗ್ಗದ ಆಜ್ಞೆ ಹೊತ್ತು ಬಂದ ಕೈಯೇ ಇದು. ಹುಡುಗ ಬೆಳೆದು ಮೈಸೂರು ಅರಸರ ಸೇವೆಗೆ ಸೇರಿದ. 1822ರಲ್ಲಿ ಕಾಲರಾ ತಗುಲಿ ತೀರಿಕೊಂಡ.