ಬಾಲಬುಷ್ಕಾ: ಕೋಲು ಆರಿಸಿದ ಬಡಗಿ

ಪೂಲ್ ಆಟವನ್ನ ಸೀರಿಯಸ್ ಆಗಿ ಆಡೋರ ಬಾಯಲ್ಲಿ ಬಾಲಬುಷ್ಕಾ ಅನ್ನೋ ಪದ ಆಗಾಗ ಬರುತ್ತೆ. ಅದು ಒಂದು ಕ್ಯೂ, ಅಂದ್ರೆ ಚೆಂಡು ಹೊಡೆಯೋ ಕೋಲು. ಅದಕ್ಕಿಂತ ಮೊದಲು ಅದು ಒಬ್ಬ ಮನುಷ್ಯನ ಹೆಸರು. ವಯಲಿನ್ ಅಂದಾಗ ಸ್ಟ್ರಾಡಿವೇರಿಯಸ್ ನೆನಪಾಗೋ ಹಾಗೆ ಕ್ಯೂ ಅಂದಾಗ ಜಾರ್ಜ್ ಬಾಲಬುಷ್ಕಾ ನೆನಪಾಗ್ತಾರೆ. ನಮ್ಮಲ್ಲಿ ಪಂಕಜ್ ಅಡ್ವಾಣಿ ಹೆಸರು ಎಲ್ಲರಿಗೂ ಗೊತ್ತು, ಆದರೆ ಆಟಗಾರರ ಕೈಯಲ್ಲಿರೋ ಕೋಲು ಮಾಡಿದವರು ಯಾರು ಅಂತ ನಾವು ಕೇಳೋದೇ ಇಲ್ಲ. ಅದಕ್ಕೇ ಈ ಸಲ ಒಬ್ಬ ಕೋಲು ಮಾಡಿದವರ ಕಥೆ.

ಅವರು ಹುಟ್ಟಿದ್ದು 1912ರ ಡಿಸೆಂಬರ್ 9ರಂದು, ರಷ್ಯಾದಲ್ಲಿ. ಮೊದಲ ಹೆಸರು ಗ್ರಿಗೋರಿ. 1924ರಲ್ಲಿ, ಹನ್ನೆರಡು ತುಂಬೋ ವಯಸ್ಸಿನಲ್ಲಿ, ಅಮೆರಿಕಕ್ಕೆ ಬಂದರು. ಅಲ್ಲಿ ಗ್ರಿಗೋರಿ ಹೋಗಿ ಜಾರ್ಜ್ ಆಯಿತು. ಬಡಗಿ ಕೆಲಸ, ಮಕ್ಕಳ ಆಟದ ಸಾಮಾನು ಮಾಡೋ ಕೆಲಸ, ಪೀಠೋಪಕರಣದ ಕೆಲಸ ಅಂತ ಬದುಕಿನ ಬಹುಪಾಲು ಮರದ ಜೊತೆಯೇ ಕಳೆಯಿತು. ಕೆಲಸ ಮಾಡುವಾಗ ಒಂದು ಸಲ ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡರು. ಆಮೇಲೆ ಅದಕ್ಕೆ ಬದಲಿ ಬೆರಳನ್ನೂ ತಾವೇ ಮಾಡಿಕೊಂಡರು. ನೋಡಿದವರಿಗೆ ಅದು ನಕಲಿ ಅಂತ ಸುಲಭವಾಗಿ ಗೊತ್ತಾಗ್ತಿರಲಿಲ್ಲವಂತೆ. ಇದೊಂದೇ ಸಾಕು, ಆ ಕೈಯಲ್ಲಿ ಎಂಥ ಕಸುಬು ಇತ್ತು ಅಂತ ಹೇಳೋಕೆ.

ಪೂಲ್ ಅಂದ್ರೆ ಅವರಿಗೆ ಮೊದಲಿಂದ ಹುಚ್ಚು. 1959ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಬ್ಬ ಪಾಲುದಾರರ ಜೊತೆ ಸೇರಿ ಒಂದು ಪೂಲ್ ರೂಮ್ ಕೊಂಡರು. ಪೂಲ್ ರೂಮ್ ನಡೆಸೋರಿಗೆ ಟೇಬಲ್‌ಗಿಂತ ದೊಡ್ಡ ತಲೆನೋವು ಗೋಡೆ ಮೇಲೆ ಸಾಲಾಗಿ ನಿಲ್ಲಿಸಿರೋ ಕೋಲುಗಳು. ದಿನಾ ನೂರು ಕೈ ಮುಟ್ಟುತ್ತೆ, ನೆಲಕ್ಕೆ ಬೀಳುತ್ತೆ, ಒಬ್ಬರು ಅದಕ್ಕೆ ಒರಗಿಕೊಂಡು ನಿಂತರೆ ಇನ್ನೊಬ್ಬರು ಸಿಟ್ಟಿಗೆ ಕುಟ್ತಾರೆ. ಮರ ಗಾಳಿಯ ತೇವ ಹೀರಿಕೊಂಡು ಸೊಟ್ಟಗಾಗುತ್ತೆ. ತುದಿಯ ಚರ್ಮದ ಟಿಪ್ ಸವೆಯುತ್ತೆ. ಯಾವ ಕೋಲು ಆರು ತಿಂಗಳಾದ್ಮೇಲೂ ನೆಟ್ಟಗಿರುತ್ತೆ, ಯಾವುದನ್ನ ಗಿರಾಕಿ ಹುಡುಕಿ ತಗೋತಾರೆ ಅನ್ನೋದು ಅಂಗಡಿ ನಡೆಸೋರ ಕಣ್ಣಿಗೆ ಬೀಳದೇ ಇರೋಕೆ ಸಾಧ್ಯ ಇಲ್ಲ. ಬಾಲಬುಷ್ಕಾ ಅವರ ಕಣ್ಣು ಮೊದಲೇ ಬಡಗಿಯ ಕಣ್ಣು.

ಆ ವರ್ಷದ ಕ್ರಿಸ್‌ಮಸ್‌ಗೆ ಸ್ನೇಹಿತರಿಗೆ ಉಡುಗೊರೆ ಕೊಡೋಕೆ ಅಂತ ಕೆಲವು ಕ್ಯೂ ಮಾಡಿದರು. ಹವ್ಯಾಸಕ್ಕೆ ಮಾಡಿದ್ದು ಅಷ್ಟೇ. ಅದನ್ನ ನೋಡಿದವರು ನಮಗೂ ಬೇಕು ಅಂದರು. ಹಾಗೆ ಶುರುವಾದ ಕೆಲಸವೇ ಕಸುಬಾಯಿತು. ಆಗ ಅವರಿಗೆ 47 ವರ್ಷ. ಇಪ್ಪತ್ತೆರಡಕ್ಕೆ ಸೆಟಲ್ ಆಗಬೇಕು ಅಂತ ಟೆನ್ಷನ್ ಮಾಡಿಕೊಳ್ಳೋ ನಾವು ಈ ನಂಬರನ್ನ ಒಂದು ಸಲ ನಿಧಾನವಾಗಿ ಓದಬೇಕು. ಕಾಲವೂ ಕೂಡಿ ಬಂತು. 1961ರಲ್ಲಿ ದಿ ಹಸ್ಲರ್ ಸಿನಿಮಾ ಬಂದ ಮೇಲೆ ಅಮೆರಿಕದಲ್ಲಿ ಪೂಲ್‌ಗೆ ಮತ್ತೆ ಜೀವ ಬಂತು, ಒಳ್ಳೆ ಕ್ಯೂಗಳಿಗೆ ಬೇಡಿಕೆ ಏರಿತು.

ಇಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಬರುತ್ತೆ. ಬಾಲಬುಷ್ಕಾ ಎಲ್ಲವನ್ನೂ ತಾವೇ ಮಾಡಲಿಲ್ಲ. ಒಂದು ಪೂಲ್ ಕ್ಯೂನಲ್ಲಿ ಎರಡು ಭಾಗ ಇರುತ್ತೆ. ಮುಂದಿನ ತೆಳು ಭಾಗ ಶಾಫ್ಟ್, ಹಿಂದಿನ ದಪ್ಪ ಭಾಗ ಬಟ್. ಒಳ್ಳೆ ಬಟ್‌ನಲ್ಲಿ ತಿಳಿ ಬಣ್ಣದ ಮೇಪಲ್ ಮರದೊಳಕ್ಕೆ ಬೀಟೆಯಂಥ ಗಾಢ ಬಣ್ಣದ ಮರ ಚೂಪಾದ ಮೊನೆಗಳ ಹಾಗೆ ಸೇರಿಕೊಂಡಿರುತ್ತೆ. ಅದು ಬರೀ ಅಲಂಕಾರ ಅಲ್ಲ. ಎರಡು ಮರದ ತುಂಡುಗಳನ್ನ ಚಪ್ಪಟೆಯಾಗಿ ಕತ್ತರಿಸಿ ಅಂಟಿಸಿದರೆ ಅಂಟು ಹಿಡಿಯೋ ಜಾಗ ಕಮ್ಮಿ. ಉದ್ದ ಮೊನೆಗಳಾಗಿ ಒಂದರೊಳಗೆ ಒಂದು ಕೂರಿಸಿದರೆ ಆ ಜಾಗ ಎಷ್ಟೋ ಪಟ್ಟು ಜಾಸ್ತಿ, ಜೋಡಣೆ ಗಟ್ಟಿ. ವರ್ಕ್‌ಶಾಪ್‌ನಲ್ಲಿ ಕಾರ್ಪೆಂಟ್ರಿ ಜಾಯಿಂಟ್ ಮಾಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಹೀಗೆ ಜೋಡಿಸಿಟ್ಟ ಕಚ್ಚಾ ಕೋಲಿಗೆ ಬ್ಲ್ಯಾಂಕ್ ಅಂತಾರೆ.

ಈ ಬ್ಲ್ಯಾಂಕ್‌ಗಳನ್ನ ಬಾಲಬುಷ್ಕಾ ಬೇರೆಯವರಿಂದ ತರುತ್ತಿದ್ದರು. ಶುರುವಿನಲ್ಲಿ ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್ ಅನ್ನೋ ಕ್ಯೂ ಬಳಸಿದರು. ಅದು ಪೂಲ್ ರೂಮ್‌ಗಳ ಗೋಡೆ ಮೇಲೆ ಇರುತ್ತಿದ್ದ ಒಂದೇ ತುಂಡಿನ ಸಾಮಾನ್ಯ ಕೋಲು. ಅದರ ಜೋಡಣೆ ಚೆನ್ನಾಗಿದೆ ಅಂತ ಗುರುತಿಸಿ, ಅದನ್ನ ಬಿಚ್ಚಿ ಜೋಡಿಸಬಹುದಾದ ಎರಡು ತುಂಡಿನ ಕ್ಯೂ ಆಗಿ ಹೊಸದಾಗಿ ರೂಪಿಸಿದರು. ಆಮೇಲೆ 1960ರ ದಶಕದಲ್ಲಿ ಶಿಕಾಗೋದ ಬರ್ಟನ್ ಸ್ಪೇನ್ ಅವರ ಬ್ಲ್ಯಾಂಕ್‌ಗಳನ್ನ ತಗೊಂಡರು. ಕೊನೆಯ ವರ್ಷಗಳಲ್ಲಿ ಗಸ್ ಝಾಂಬೋಟಿ ಅವರ ಬ್ಲ್ಯಾಂಕ್‌ಗಳು ಬಂದವು. ಝಾಂಬೋಟಿ ಮುಂದೆ ತಾವೇ ದೊಡ್ಡ ಕ್ಯೂ ತಯಾರಕರಾದರು. ಅಂದ್ರೆ ಬಾಲಬುಷ್ಕಾ ತಮ್ಮ ಪುಟ್ಟ ವರ್ಕ್‌ಶಾಪಿಗೆ ಯಾರ ಮಾಲು ಬರಬೇಕು ಅಂತ ಆರಿಸಿದ್ದು ಸುಮ್ಮನೆ ಅಲ್ಲ.

ಹಾಗಾದ್ರೆ ಅವರು ಮಾಡಿದ್ದಾದ್ರೂ ಏನು? ಈ ಪ್ರಶ್ನೆ ನಮಗೂ ಸಂಬಂಧಪಟ್ಟಿದ್ದೇ. ಪ್ರಾಜೆಕ್ಟ್‌ಗೆ ರೆಡಿಮೇಡ್ ಕಿಟ್ ತಂದು, ಮೇಲೆ ಹೆಸರು ಅಂಟಿಸಿ ಕೊಡೋದು ಯಾವ ಕ್ಯಾಂಪಸ್‌ಗೂ ಹೊಸದಲ್ಲ. ತಂದಿದ್ದರ ಮೇಲೆ ಹೆಸರು ಹಾಕೋದು ಅಂತ ನೋಡಿದರೆ ಎರಡೂ ಒಂದೇ ಥರ ಕಾಣುತ್ತೆ. ಆದರೆ ವ್ಯತ್ಯಾಸ ಇರೋದು ತಂದ ಮೇಲೆ ಏನಾಯಿತು ಅನ್ನೋದರಲ್ಲಿ. ಬ್ಲ್ಯಾಂಕ್ ಅನ್ನೋದು ಇನ್ನೂ ಕ್ಯೂ ಅಲ್ಲ. ಅದನ್ನ ಲೇಥ್‌ನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ಇಳಿಸಬೇಕು. ಒಂದೇ ಸಲ ಜಾಸ್ತಿ ತೆಗೆದರೆ ಮರದೊಳಗಿನ ಒತ್ತಡ ಬಿಡುಗಡೆಯಾಗಿ ಅದು ಬಾಗುತ್ತೆ. ಅದಕ್ಕೇ ಒಳ್ಳೆ ತಯಾರಕರು ಸ್ವಲ್ಪ ತೆಗೆದು, ಮರಕ್ಕೆ ವಿಶ್ರಾಂತಿ ಕೊಟ್ಟು, ನೆಟ್ಟಗಿದ್ಯಾ ಅಂತ ನೋಡಿ, ಆಮೇಲೆ ಮುಂದಿನ ಸುತ್ತು ತೆಗೀತಾರೆ. ನಡುವೆ ಬಾಗಿದ್ದು ಪಕ್ಕಕ್ಕೆ ಹೋಗುತ್ತೆ. ಶಾಫ್ಟ್‌ಗಂತೂ ಎಳೆ ನೇರವಾಗಿ ಓಡಿರೋ ಗಟ್ಟಿ ಮೇಪಲ್ಲೇ ಬೇಕು. ಆಮೇಲೆ ಸ್ಟೀಲ್ ಜಾಯಿಂಟ್ ಕೂರಿಸಬೇಕು, ಹಿಡಿಗೆ ದಾರ ಸುತ್ತಬೇಕು, ತೂಕ ಮತ್ತು ಸಮತೋಲ ಆಟಗಾರನ ಕೈಗೆ ಹೊಂದಬೇಕು. ಹಿಡಿಗೆ ಐರಿಶ್ ಲಿನನ್ ಸುತ್ತೋ ಪದ್ಧತಿ ಜನಪ್ರಿಯ ಆಗಿದ್ದರಲ್ಲಿ ಬಾಲಬುಷ್ಕಾ ಕ್ಯೂಗಳ ಪಾಲು ದೊಡ್ಡದು. ಬೆವರು ಹೀರಿಕೊಳ್ಳುತ್ತೆ, ಕೈ ಜಾರಲ್ಲ.

ಹದಿನಾರು ವರ್ಷದಲ್ಲಿ ಅವರು ಮಾಡಿದ್ದು ಅಂದಾಜು 1000ರಿಂದ 1200 ಕ್ಯೂ. ಲೆಕ್ಕ ಹಾಕಿದರೆ ವರ್ಷಕ್ಕೆ 62ರಿಂದ 75, ವಾರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಡಿಸೈನ್ ಕೂಡ ಬಹುತೇಕ ಸರಳ. ಕಣ್ಣು ಕುಕ್ಕೋ ಕೆತ್ತನೆಗಿಂತ ಹೊಡೆದಾಗ ಕೈಗೆ ಹೇಗನಿಸುತ್ತೆ ಅನ್ನೋದಕ್ಕೇ ಅವರ ಹೆಸರು ನಿಂತಿದ್ದು.

1975ರ ಡಿಸೆಂಬರ್ 5ರಂದು, 63 ತುಂಬೋಕೆ ನಾಲ್ಕು ದಿನ ಇರುವಾಗ ತೀರಿಕೊಂಡರು. ಹೊರಗಿನ ಪ್ರಪಂಚಕ್ಕೆ ಹೆಸರು ಮುಟ್ಟಿದ್ದು ಆಮೇಲೆ. 1986ರಲ್ಲಿ ಬಂದ ದಿ ಕಲರ್ ಆಫ್ ಮನಿ ಸಿನಿಮಾದಲ್ಲಿ ಪಾಲ್ ನ್ಯೂಮನ್ ಪಾತ್ರ ಟಾಮ್ ಕ್ರೂಸ್ ಪಾತ್ರಕ್ಕೆ ಒಂದು ಬಾಲಬುಷ್ಕಾ ಕೊಡುತ್ತೆ. ತಮಾಷೆ ಏನಂದ್ರೆ ಪರದೆ ಮೇಲೆ ಕಾಣೋದು ಅಸಲಿ ಬಾಲಬುಷ್ಕಾ ಅಲ್ಲ, ಅದೇ ಥರ ಕಾಣೋ ಜಾಸ್ ಕಂಪನಿಯ ಕ್ಯೂ. ಅಸಲಿಗೆ ಶೂಟಿಂಗ್‌ನಲ್ಲಿ ಪೆಟ್ಟಾಗಬಾರದಲ್ವಾ! ಸಿನಿಮಾ ನೋಡಿದವರೆಲ್ಲ ಬಾಲಬುಷ್ಕಾ ಕೇಳೋಕೆ ಶುರು ಮಾಡಿದರು. ಅವರ ಹೆಸರು ಹೊತ್ತ ಕಾರ್ಖಾನೆ ಕ್ಯೂಗಳೂ ಮಾರುಕಟ್ಟೆಗೆ ಬಂದವು, ನಕಲಿಗಳೂ ಬಂದವು. ಅಸಲಿ ಕ್ಯೂಗಳು ಸಂಗ್ರಹಕಾರರ ಕೈ ಸೇರಿದವು.

ನಿಮ್ಮ ಪರಿಚಯದವರು ಯಾರಾದ್ರೂ ಸಣ್ಣ ಸ್ಪೋರ್ಟ್ಸ್ ಅಂಗಡಿಗೆ ಕ್ಯೂ ತರಿಸೋದಿದ್ದರೆ ಬಾಲಬುಷ್ಕಾ ಅವರ ಕಥೆಯಿಂದ ತಗೊಳ್ಳೋಕೆ ಬೇಕಾದಷ್ಟಿದೆ. ಬಣ್ಣದ ಸ್ಟಿಕ್ಕರ್ ಇರೋ ಇಪ್ಪತ್ತು ಥರದ ಕೋಲಿಗಿಂತ ನಾಲ್ಕೇ ಥರ ಇಡಿ. ಸುಮಾರು 18ರಿಂದ 21 ಔನ್ಸ್‌ವರೆಗೆ ಬೇರೆ ಬೇರೆ ತೂಕದ್ದು ಇರಲಿ, ಯಾಕಂದ್ರೆ ಎಲ್ಲರ ಕೈ ಒಂದೇ ಅಲ್ಲ. ಶಾಫ್ಟ್‌ನ ಎಳೆ ನೇರ ಇದ್ಯಾ ನೋಡಿ. ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರೆ ಸೊಟ್ಟ ಗೊತ್ತಾಗುತ್ತೆ. ಜಾಯಿಂಟ್ ತಿರುಗಿಸಿದಾಗ ಎರಡು ಮುಖಗಳ ನಡುವೆ ಸಂದು ಉಳೀಬಾರದು. ಟಿಪ್ ಬದಲಿಸೋ ಹಾಗಿರಬೇಕು. ಇಷ್ಟರಲ್ಲಿ ಪಾಸಾಗದ ಕೋಲನ್ನ, ಎಷ್ಟೇ ಡಿಸ್ಕೌಂಟ್ ಕೊಟ್ಟರೂ, ವಾಪಸ್ ಕಳಿಸಿಬಿಡಿ.